ಕೊಲೆಯ ಆಚೀಚಿನ ಹೊತ್ತು

2011ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವ 'ಡ್ರೈವ್' ಚಿತ್ರಕ್ಕಾಗಿ ನಿಕೊಲಸ್ ವೈಂಡಿಂಗ್ ರೆಫ್ನ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಆ ಸಿನಿಮಾ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಕೆಲವೇ ವಾರಗಳಲ್ಲಿ ಮಿಷಿಗನ್ ರಾಜ್ಯದ ಪ್ರೇಕ್ಷಕಿಯೊಬ್ಬರು ವಿತರಕರ ಮೇಲೆ ದಾವೆ ಹೂಡಿದರು. ಟ್ರೈಲರ್ ನೋಡಿದರೆ 'ಫಾಸ್ಟ್ ಆ್ಯಂಡ್ ಫ್ಯೂರಿಯಸ್' ಥರದ ಕಾರ್ ಚೇಸ್ ಸಿನಿಮಾ ಅನ್ನಿಸುತ್ತದೆ, ಒಳಗೆ ಹೋಗಿ ಕೂತರೆ ಕಾರು ಓಡುವುದೇ ಅಪರೂಪ ಎಂಬುದು ಅವರ ದೂರು.

ಸುದ್ದಿ ಓದಿದ ಎಷ್ಟೋ ಜನ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ತಾನು ಏನನ್ನು ನೋಡಿದೆ, ತನಗೆ ಏನನ್ನು ಮಾರಲಾಗಿತ್ತು ಎಂಬುದನ್ನು ಆಕೆ ಸರಿಯಾಗಿಯೇ ಗುರುತಿಸಿದ್ದರು. 'ಡ್ರೈವ್'ನ ನಾಯಕ ಮಾತಿಗಿಂತ ಹೆಚ್ಚಾಗಿ ನೋಡುತ್ತಾನೆ, ಕಾಯುತ್ತಾನೆ. ಲಿಫ್ಟಿನಲ್ಲಿ, ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ, ಸಿಗ್ನಲ್ಲಿನ ಕೆಂಪು ದೀಪದ ಮುಂದೆ ಹೊತ್ತು ಕಳೆಯುತ್ತದೆ. ಹಿಂಸೆ ಬಂದಾಗ ತಡೆಯಲಾರದಷ್ಟು ಒರಟಾಗಿ ಬಂದು, ಥಟ್ಟನೆ ಮುಗಿಯುತ್ತದೆ. ಇದನ್ನು ಮೆಚ್ಚುವವರು ಮೆಚ್ಚಲು ಕೊಡುವ ಕಾರಣವೂ, ಕೈಬಿಡುವವರು ಕೈಬಿಡಲು ಕೊಡುವ ಕಾರಣವೂ ಒಂದೇ.

ಈ ಒಡಕು ಅಂಕಿಗಳಲ್ಲೂ ಸಿಗುತ್ತದೆ. ಅಮೆರಿಕದಲ್ಲಿ ಸಿನಿಮಾ ಬಿಡುಗಡೆಯಾದ ಮೊದಲ ರಾತ್ರಿಯೇ ಥಿಯೇಟರಿನಿಂದ ಹೊರಬರುವವರ ಅಭಿಪ್ರಾಯ ಕೇಳಿ 'ಎ'ಯಿಂದ 'ಎಫ್'ವರೆಗೆ ಶ್ರೇಣಿ ಕೊಡುವ ಸಿನಿಮಾಸ್ಕೋರ್ ಎಂಬ ಸಂಸ್ಥೆಯಿದೆ. ಜನ ತಾವೇ ದುಡ್ಡು ಕೊಟ್ಟು ಆರಿಸಿಕೊಂಡ ಸಿನಿಮಾ ಆದ್ದರಿಂದ ಸಾಧಾರಣ ಚಿತ್ರಗಳಿಗೂ 'ಬಿ' ಸಿಗುತ್ತದೆ. 'ಡ್ರೈವ್'ಗೆ ಸಿಕ್ಕಿದ್ದು 'ಸಿ ಮೈನಸ್'. ಅದರ ಹಿಂದಿನ ವರ್ಷ ಬಂದ, ಜಾರ್ಜ್ ಕ್ಲೂನಿ ನಟಿಸಿದ 'ದಿ ಅಮೆರಿಕನ್' ಬಿಡುಗಡೆಯಾದ ವಾರಾಂತ್ಯದ ಗಳಿಕೆಯಲ್ಲಿ ಮೊದಲ ಸ್ಥಾನದಲ್ಲಿತ್ತು, ಶ್ರೇಣಿ ಮಾತ್ರ 'ಡಿ ಮೈನಸ್'. 2012ರ 'ಕಿಲ್ಲಿಂಗ್ ದೆಮ್ ಸಾಫ್ಟ್ಲಿ' ಕಾನ್ ಸ್ಪರ್ಧಾ ವಿಭಾಗದಲ್ಲಿದ್ದ ಚಿತ್ರ, ಬ್ರಾಡ್ ಪಿಟ್ ಅದರ ನಾಯಕ. ಅದಕ್ಕೆ 'ಎಫ್' ಬಂತು. ಮೂರೂ ಅಪರಾಧದ ಕತೆಗಳು, ಮೂರರಲ್ಲೂ ದೊಡ್ಡ ನಟರಿದ್ದಾರೆ, ಮೂರೂ ನಿಧಾನ.

ನಮ್ಮಲ್ಲಿ ಇದಕ್ಕೆ ಇನ್ನೂ ಚುಟುಕಾದ ತೀರ್ಪಿದೆ: 'ಲ್ಯಾಗ್' ಆಯ್ತು. ಈ ಮಾತು ಬಂದಾಗ ಅಭಿರುಚಿಯುಳ್ಳವರು ಮುಖ ಸಿಂಡರಿಸುವುದು, 'ನಿಮಗೆ ಅರ್ಥವಾಗಲಿಲ್ಲ' ಎನ್ನುವುದು ವಾಡಿಕೆ. ಆ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ಪ್ರೇಕ್ಷಕ ತನ್ನ ಎರಡೂವರೆ ಗಂಟೆಯನ್ನು ಕೊಟ್ಟಿದ್ದಾನೆ, ಅದು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ಅವನಿಗಿದೆ. ನಿಧಾನಗತಿಯ ಅಪರಾಧ ಚಿತ್ರಗಳನ್ನು ಒಂದು ಪರಂಪರೆಯಾಗಿ ಅಳೆಯಬೇಕಾದರೆ ಆ ಪ್ರಶ್ನೆಯಿಂದಲೇ ಶುರು ಮಾಡಬೇಕು: ಈ ಸಿನಿಮಾಗಳು ನೋಡುಗನಿಂದ ಕೇಳಿ ಪಡೆದ ಹೊತ್ತಿನಲ್ಲಿ ಏನು ಮಾಡುತ್ತವೆ?

ಸಾಮಾನ್ಯ ಕ್ರೈಮ್ ಚಿತ್ರಕ್ಕೆ ಬೇಕಿರುವುದು ಅಪರಾಧ ನಡೆಯುವ ಗಳಿಗೆ, ಅಪರಾಧಿ ಸಿಕ್ಕಿಬೀಳುವ ಗಳಿಗೆ. ಇವೆರಡರ ನಡುವಿನದ್ದು ದಾರಿ ಮಾತ್ರ, ಬೇಗ ದಾಟಿದಷ್ಟೂ ಒಳ್ಳೆಯದು. ಇಲ್ಲಿ ಹೇಳುತ್ತಿರುವ ಪರಂಪರೆಗೆ ಬೇಕಿರುವುದು ಆ ಗಳಿಗೆಗಳ ಆಚೀಚಿನ ಹೊತ್ತು: ಕೊಲೆಗೆ ಸಿದ್ಧವಾಗುವ ಬೆಳಗು, ಹೆಣ ಹುಡುಕುವ ರಾತ್ರಿ, ಉತ್ತರ ಸಿಗದೆ ಕಳೆದುಹೋಗುವ ವರ್ಷಗಳು. ಅಲ್ಲಿ ಮನುಷ್ಯರು ಬದಲಾಗುವುದು ಕಾಣಿಸಿದರೆ ನಿಧಾನ ಸಾರ್ಥಕ. ಕಾಣಿಸದಿದ್ದರೆ 'ಲ್ಯಾಗ್' ಎಂದವನ ಮಾತೇ ಸರಿ.

ಈ ಪರಂಪರೆಯ ಹಿರಿಯ ಮೇಷ್ಟ್ರು ಫ್ರಾನ್ಸಿನ ಜ್ಯಾನ್ ಪಿಯೆರ್ ಮೆಲ್ವಿಲ್. ಹುಟ್ಟು ಹೆಸರು ಗ್ರುಂಬಾಕ್. ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಮೇಲಿನ ಅಭಿಮಾನದಿಂದ ಆ ಹೆಸರಿಟ್ಟುಕೊಂಡವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಆಕ್ರಮಣದ ವಿರುದ್ಧದ ಭೂಗತ ಪ್ರತಿರೋಧದಲ್ಲಿದ್ದರು. ಅವರ ದರೋಡೆಕೋರರು ಮಾತನಾಡದಿರುವುದಕ್ಕೆ ಈ ಹಿನ್ನೆಲೆಯನ್ನು ನೆನೆಯಲೇಬೇಕು. ಒಂದು ಮಾತು ಹೆಚ್ಚಾದರೆ ಜೀವ ಹೋಗುವ ಕಾಲದಲ್ಲಿ ಬದುಕಿದವರಿಗೆ ಮೌನವೆನ್ನುವುದು ಶೈಲಿಗಿಂತ ಮೊದಲು ಒಂದು ಶಿಸ್ತು. 1969ರಲ್ಲಿ ಅವರು ಪ್ರತಿರೋಧದ ದಿನಗಳ ಮೇಲೆಯೇ 'ಆರ್ಮಿ ಆಫ್ ಶಾಡೋಸ್' ಮಾಡಿದಾಗ ಅದರ ಹೋರಾಟಗಾರರು ಅವರ ಗ್ಯಾಂಗ್‌ಸ್ಟರ್‌ಗಳಂತೆಯೇ ನಡೆದರು, ಕಾದರು, ಬಾಯಿ ಮುಚ್ಚಿಕೊಂಡರು.

1967ರ 'ಲ ಸಮುರಾಯಿ' ಶುರುವಾಗುವುದು ಬೂದು ಬಣ್ಣದ ಒಂದು ಕೋಣೆಯಲ್ಲಿ. ಎರಡು ಕಿಟಕಿಗಳು, ನಡುವೆ ಒಂದು ಪಂಜರ, ಅದರೊಳಗೊಂದು ಸಣ್ಣ ಹಕ್ಕಿ. ಮಂಚದ ಮೇಲೆ ಯಾರೋ ಮಲಗಿದ್ದಾರೆ ಎಂದು ತಿಳಿಯುವುದು ಸಿಗರೇಟಿನ ಹೊಗೆ ಮೇಲೆದ್ದಾಗ. ಆತ ಜೆಫ್ ಕಾಸ್ಟೆಲೊ, ಬಾಡಿಗೆ ಹಂತಕ. ನಟ ಅಲೆನ್ ದೆಲೊನ್. ಎದ್ದು ಕೋಟು ತೊಡುತ್ತಾನೆ, ಕನ್ನಡಿಯ ಮುಂದೆ ಹ್ಯಾಟಿನ ಅಂಚನ್ನು ಬೆರಳಿನಿಂದ ಸವರಿ ನೇರ ಮಾಡುತ್ತಾನೆ, ಬೀದಿಗಿಳಿಯುತ್ತಾನೆ. ನಿಂತಿದ್ದ ಒಂದು ಸಿತ್ರೊಯೆನ್ ಕಾರಿನಲ್ಲಿ ಹೋಗಿ ಕೂರುತ್ತಾನೆ. ಜೇಬಿನಿಂದ ದೊಡ್ಡದೊಂದು ಕೀಲಿಗೊಂಚಲು ತೆಗೆದು ಪಕ್ಕದ ಸೀಟಿನ ಮೇಲಿಟ್ಟು ಒಂದೊಂದೇ ಕೀಲಿ ಹಾಕಿ ನೋಡುತ್ತಾನೆ. ಒಂದು ಹೊಂದುವುದಿಲ್ಲ, ಪಕ್ಕಕ್ಕಿಡುತ್ತಾನೆ. ಇನ್ನೊಂದೂ ಹೊಂದುವುದಿಲ್ಲ. ಅವನ ಕಣ್ಣು ಕೀಲಿಗಳ ಮೇಲಿಲ್ಲ, ಮಳೆ ನೀರು ಇಳಿಯುತ್ತಿರುವ ಗಾಜಿನಾಚೆಯ ರಸ್ತೆಯ ಮೇಲಿದೆ.

ಮುಂದೆ ಊರಾಚೆಯ ಗ್ಯಾರೇಜು. ಷಟರ್ ಇಳಿಯುತ್ತದೆ, ಮೆಕ್ಯಾನಿಕ್ ನಂಬರ್ ಪ್ಲೇಟ್ ಬದಲಿಸುತ್ತಾನೆ, ಕಾಗದಪತ್ರ ಕೊಡುತ್ತಾನೆ, ಪಿಸ್ತೂಲು ಕೊಡುತ್ತಾನೆ, ದುಡ್ಡು ಎಣಿಸಿಕೊಳ್ಳುತ್ತಾನೆ. ಇಬ್ಬರ ನಡುವೆ ಒಂದು ಮಾತಿಲ್ಲ. ಮೊದಲ ಸಂಭಾಷಣೆ ಕೇಳಿಸುವ ಹೊತ್ತಿಗೆ ಸುಮಾರು ಹತ್ತು ನಿಮಿಷ ಕಳೆದಿರುತ್ತದೆ. ಆ ಹತ್ತು ನಿಮಿಷದಲ್ಲಿ ಜೆಫ್‌ನ ಕೆಲಸ, ಒಂಟಿತನ, ನಾಜೂಕು, ಸಣ್ಣ ತಪ್ಪಿನ ಬೆಲೆ ಎಷ್ಟೆಂಬುದು ಎಲ್ಲವೂ ನೋಡುಗನಿಗೆ ಗೊತ್ತಾಗಿದೆ, ಯಾರೂ ಹೇಳಿಲ್ಲ. ಕತೆ ಮುಂದುವರಿದ ಮೇಲೆ ಜೆಫ್ ಮತ್ತೊಮ್ಮೆ ಅದೇ ಗ್ಯಾರೇಜಿಗೆ ಬರುತ್ತಾನೆ. ಈ ಸಲ ಮೆಕ್ಯಾನಿಕ್ ಬಾಯಿ ಬಿಡುತ್ತಾನೆ: ಇದೇ ಕೊನೆ, ಇನ್ನು ಬರಬೇಡ. ಮೊದಲ ಭೇಟಿಯಲ್ಲಿ ಮಾತಿದ್ದಿದ್ದರೆ ಎರಡನೆಯದರಲ್ಲಿ ಆ ಒಂದು ವಾಕ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಮೆಲ್ವಿಲ್ ಹೊತ್ತನ್ನು ಹೂಡಿಕೆ ಮಾಡುವ ಕ್ರಮ ಇದು. ಮೊದಲರ್ಧದಲ್ಲಿ ಕೇಳಿದ ತಾಳ್ಮೆಯನ್ನು ಕೊನೆಯರ್ಧದಲ್ಲಿ ಲೆಕ್ಕ ಹಾಕಿ ಹಿಂತಿರುಗಿಸುತ್ತಾರೆ.

ಮೆಲ್ವಿಲ್ ಒಬ್ಬರೇ ಇದನ್ನು ಕಂಡುಹಿಡಿದರು ಎನ್ನುವಂತಿಲ್ಲ. ಹಾಲಿವುಡ್‌ನ ಕಪ್ಪುಪಟ್ಟಿಯಿಂದಾಗಿ ಯುರೋಪಿಗೆ ಬಂದ ಜೂಲ್ಸ್ ದಸಾನ್ 1955ರಲ್ಲೇ 'ರಿಫಿಫಿ'ಯ ಕನ್ನ ಹಾಕುವ ದೃಶ್ಯವನ್ನು ಮಾತೂ ಸಂಗೀತವೂ ಇಲ್ಲದೆ ಹೆಚ್ಚುಕಡಿಮೆ ಅರ್ಧ ಗಂಟೆ ನಡೆಸಿದ್ದರು. ಅದಕ್ಕೂ ಮೊದಲು, 1949ರ 'ಸ್ಟ್ರೇ ಡಾಗ್'ನಲ್ಲಿ ಕುರೊಸಾವಾ ಕಳೆದುಹೋದ ಪಿಸ್ತೂಲಿಗಾಗಿ ಒಬ್ಬ ಎಳೆಯ ಪೊಲೀಸನನ್ನು ಯುದ್ಧಾನಂತರದ ಟೋಕಿಯೊದ ಕಾಳಸಂತೆಗಳಲ್ಲಿ ಅಲೆಸಿದರು. ಬೇಸಿಗೆಯ ಧಗೆ, ಬೆವರು, ಬೀಸಣಿಗೆಗಳೇ ಆ ಚಿತ್ರವನ್ನು ಮುನ್ನಡೆಸುತ್ತವೆ. ಸೋತ ಊರೊಂದು ಹೇಗಿರುತ್ತದೆ ಎಂದು ತಿಳಿಯಲು ಆ ಅಲೆದಾಟಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

'ಲ ಸಮುರಾಯಿ' ಅಮೆರಿಕಕ್ಕೆ ಹೋದದ್ದು 1972ರಲ್ಲಿ, ಇಂಗ್ಲಿಷ್ ಡಬ್ಬಿಂಗ್‌ನೊಂದಿಗೆ, 'ದಿ ಗಾಡ್‌ಸನ್' ಎಂಬ ಹೆಸರಿನಲ್ಲಿ. ಆ ವರ್ಷ 'ದಿ ಗಾಡ್‌ಫಾದರ್' ಗೆದ್ದಿತ್ತು, ವಿತರಕರಿಗೆ ಅಷ್ಟೇ ಸಾಕಾಯಿತು. ಸಿನಿಮಾಕ್ಕೂ ಹೆಸರಿಗೂ ಸಂಬಂಧವಿಲ್ಲ. 'ಡ್ರೈವ್'ನ ಟ್ರೈಲರಿಗಿಂತ ನಾಲ್ಕು ದಶಕ ಮೊದಲೇ ಈ ಕೆಲಸ ನಡೆದಿತ್ತು. ಪ್ರೇಕ್ಷಕರು ಒಡೆದುಹೋಗುವುದರಲ್ಲಿ ಸಿನಿಮಾಗಳಷ್ಟೇ ಪಾಲು ಮಾರಾಟಕ್ಕೂ ಇದೆ. ಹೋಳಿಗೆಯೂಟ ಅಂತ ಕರೆದು ಗಂಜಿ ಬಡಿಸಿದರೆ ಗಂಜಿ ಎಷ್ಟೇ ರುಚಿಯಾಗಿದ್ದರೂ ಉಣ್ಣುವವನಿಗೆ ಸಿಟ್ಟೇ ಬರುತ್ತದೆ.

'ಡ್ರೈವ್'ಗೆ ಪ್ರಶಸ್ತಿ ಸಿಕ್ಕ ಅದೇ 2011ರ ಕಾನ್‌ನಲ್ಲಿ ಗ್ರಾಂಪ್ರಿ ಹಂಚಿಕೊಂಡ ಎರಡು ಚಿತ್ರಗಳಲ್ಲಿ ಒಂದು ಟರ್ಕಿಯ ನೂರಿ ಬಿಲ್ಗೆ ಜೆಯ್ಲಾನ್ ಅವರ 'ಒನ್ಸ್ ಅಪಾನ್ ಎ ಟೈಮ್ ಇನ್ ಅನಟೋಲಿಯಾ'. ಈ ಪರಂಪರೆಯಿಂದ ಒಂದೇ ಸಿನಿಮಾ ಉಳಿಸಿಕೊಳ್ಳಬೇಕೆಂದರೆ ಇದನ್ನು ಉಳಿಸಿಕೊಳ್ಳಬೇಕು. ಕತೆ ಎರಡು ಸಾಲಿನದು. ಕೊಲೆ ಆಗಿಹೋಗಿದೆ, ಆರೋಪಿ ಒಪ್ಪಿಕೊಂಡಿದ್ದಾನೆ, ಹೆಣ ಎಲ್ಲಿ ಹೂತಿದ್ದೇನೆಂಬುದು ಮಾತ್ರ ನೆನಪಿಲ್ಲ, ಕುಡಿದಿದ್ದ. ಪೊಲೀಸರು, ಪ್ರಾಸಿಕ್ಯೂಟರ್, ಸರ್ಕಾರಿ ವೈದ್ಯ, ಅಗೆಯುವವರು, ಡ್ರೈವರ್ ಎಲ್ಲರೂ ಮೂರು ವಾಹನಗಳಲ್ಲಿ ರಾತ್ರಿಯಿಡೀ ಬಟಾಬಯಲಿನಲ್ಲಿ ಸುತ್ತುತ್ತಾರೆ. ಒಂದು ನೀರಿನ ಬುಗ್ಗೆ, ಒಂದು ದುಂಡಗಿನ ಮರ ಎಂಬ ಗುರುತು ಹಿಡಿದು ಹುಡುಕಬೇಕು. ಅಂಥ ಬುಗ್ಗೆಗಳೂ ಮರಗಳೂ ಅಲ್ಲಿ ಬೇಕಾದಷ್ಟಿವೆ.

ಸಹಚಿತ್ರಕತೆಗಾರ ಎರ್ಜಾನ್ ಕೆಸಾಲ್ ಸ್ವತಃ ವೈದ್ಯರಾಗಿದ್ದವರು. ಅನಟೋಲಿಯಾದ ಸಣ್ಣ ಊರಿನಲ್ಲಿ ಕೆಲಸ ಮಾಡುವಾಗ ಅವರಿಗಾದ ಅನುಭವವೇ ಈ ಚಿತ್ರದ ಬೀಜ. ಆದ್ದರಿಂದಲೇ ಇಲ್ಲಿನ ಸರ್ಕಾರಿ ಕೆಲಸಕ್ಕೆ ನಿಜದ ವಾಸನೆಯಿದೆ. ಕಾರಿನಲ್ಲಿ ಆರೋಪಿಯನ್ನು ನಡುವೆ ಕೂರಿಸಿಕೊಂಡು ಪೊಲೀಸರು ಮೊಸರಿನ ಬಗ್ಗೆ ಮಾತಾಡುತ್ತಾರೆ, ಎಮ್ಮೆ ಹಾಲಿನ ಮೊಸರು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು. ಹೆಣ ಸಿಕ್ಕಿದಾಗ ಅದನ್ನು ಹೊರುವ ಚೀಲ ತಂದಿಲ್ಲವೆಂದು ಗೊತ್ತಾಗುತ್ತದೆ. ಕಂಬಳಿಯಲ್ಲಿ ಸುತ್ತಿ ಡಿಕ್ಕಿಗೆ ತುರುಕುತ್ತಾರೆ. ಅದರ ಪಕ್ಕಕ್ಕೆ ಡ್ರೈವರ್ ಹೊಲದಿಂದ ಕಿತ್ತು ತಂದ ಕರಬೂಜದ ಹಣ್ಣುಗಳನ್ನೂ ಇಡುತ್ತಾನೆ. ಪ್ರಾಸಿಕ್ಯೂಟರ್ ಪಂಚನಾಮೆ ಬರೆಸುತ್ತಾ ಸತ್ತವನು ನೋಡಲು ಕ್ಲಾರ್ಕ್ ಗೇಬಲ್ ಥರ ಇದ್ದಾನೆ ಎಂದು ಹಾಸ್ಯ ಮಾಡುತ್ತಾನೆ, ಎಲ್ಲರೂ ನಗುತ್ತಾರೆ. ಕ್ರೂರರೇನಲ್ಲ ಇವರು. ಸುಸ್ತಾದವರು, ನಿದ್ದೆಗೆಟ್ಟವರು, ನಾಳೆ ಮತ್ತೆ ಡ್ಯೂಟಿಗೆ ಹೋಗಬೇಕಾದವರು.

ಡ್ರೈವರ್ ಸೇಬಿನ ಮರ ಅಲುಗಿಸುವ ದೃಶ್ಯವನ್ನು ಈ ಚಿತ್ರದ ವಿರೋಧಿಗಳೂ ಅಭಿಮಾನಿಗಳೂ ಎತ್ತಿ ಹೇಳುತ್ತಾರೆ. ಒಂದು ಸೇಬು ಬಿದ್ದು ಇಳಿಜಾರಿನಲ್ಲಿ ಉರುಳಿ, ತೊರೆಗೆ ಸೇರಿ, ನೀರಿನಲ್ಲಿ ತೇಲುತ್ತಾ ಹೋಗಿ ಒಂದೆಡೆ ಕೊಳೆತ ಬೇರೆ ಸೇಬುಗಳ ಜತೆ ನಿಲ್ಲುತ್ತದೆ. ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತದೆ. ಹಿನ್ನೆಲೆಯಲ್ಲಿ ವಿಚಾರಣೆ, ಬೈಗುಳ ಸಾಗಿರುತ್ತವೆ. ಕತೆಗೆ ಈ ಸೇಬು ಬೇಡ. ಆದರೆ ಇಡೀ ರಾತ್ರಿಯ ಹುಡುಕಾಟದಲ್ಲಿ ತನ್ನ ಜಾಗವನ್ನು ತಾನೇ ಕಂಡುಕೊಂಡದ್ದು ಅದೊಂದೇ. ಇದನ್ನು ಸಂಕೇತ ಎಂದು ಬಿಡಿಸಲು ಹೊರಟರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಸುಮ್ಮನೆ ನೋಡಿದರೆ ಮಾತ್ರ, ಮನುಷ್ಯರ ಗಲಾಟೆಯ ಪಕ್ಕದಲ್ಲೇ ಅದರ ಗೊಡವೆಯಿಲ್ಲದ ಒಂದು ಜಗತ್ತು ನಡೆದಿದೆ ಎಂಬುದು ಮೈಗೆ ತಾಗುತ್ತದೆ.

ಇನ್ನೂ ದೊಡ್ಡ ದೃಶ್ಯ ಒಂದು ಹಳ್ಳಿಯಲ್ಲಿದೆ. ಹಸಿದ ತಂಡ ನಡುರಾತ್ರಿ ಊರಿನ ಮುಖ್ಯಸ್ಥನ ಮನೆಗೆ ಊಟಕ್ಕೆ ಬರುತ್ತದೆ. ಆತ ಊಟ ಬಡಿಸಿ, ಬಂದ ಅಧಿಕಾರಿಗಳ ಮುಂದೆ ಊರಿಗೊಂದು ಶವಾಗಾರ ಬೇಕೆಂಬ ಬೇಡಿಕೆಯಿಡುತ್ತಾನೆ. ಊರಿನ ಮಕ್ಕಳೆಲ್ಲ ಜರ್ಮನಿಗೆ ದುಡಿಯಲು ಹೋಗಿದ್ದಾರೆ, ಅಪ್ಪ ಅಮ್ಮ ಸತ್ತರೆ ಅವರು ಬಂದು ಮುಖ ನೋಡುವವರೆಗೆ ಹೆಣ ಇಡಲು ಜಾಗವಿಲ್ಲ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಮಕ್ಕಳನ್ನು ಕಳಿಸಿದ ಕನ್ನಡದ ಮನೆಗಳಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಮುಖ್ಯಸ್ಥನ ಕಿರಿಯ ಮಗಳು ಟ್ರೇಯಲ್ಲಿ ದೀಪ, ಸುತ್ತ ಚಹಾದ ಲೋಟಗಳನ್ನು ಇಟ್ಟುಕೊಂಡು ಬರುತ್ತಾಳೆ. ಒಬ್ಬೊಬ್ಬರ ಮುಂದೆಯೂ ಬಗ್ಗುತ್ತಾಳೆ. ದಣಿದ ಆ ಗಂಡಸರ ಮುಖಗಳು ಒಂದೊಂದಾಗಿ ಬೆಳಕಿಗೆ ಬಂದು, ಅವಳನ್ನು ನೋಡಿ, ಮತ್ತೆ ಕತ್ತಲಿಗೆ ಸರಿಯುತ್ತವೆ. ಆರೋಪಿ ಅಳುತ್ತಾನೆ. ತನಿಖೆ ಮುರಿಯದ ಗಂಟನ್ನು ಒಂದು ಚಹಾ ಮುರಿಯುತ್ತದೆ. ಬೆಳಗಾಗುವಷ್ಟರಲ್ಲಿ ಹೆಣ ಸಿಗುತ್ತದೆ.

ಅಲ್ಲಿಯವರೆಗೆ ಕತ್ತಲಲ್ಲಿ ಕೂತವರಿಗೆ ಮಾತ್ರ ಆ ದೀಪ ಅಷ್ಟು ಪ್ರಕಾಶಮಾನ. ಈ ದೃಶ್ಯವೊಂದನ್ನೇ ಕತ್ತರಿಸಿ ಮೊಬೈಲಿನಲ್ಲಿ ತೋರಿಸಿದರೆ ಚೆಂದದ ಛಾಯಾಗ್ರಹಣ ಎನ್ನಿಸೀತು, ಅಷ್ಟೆ. ಗೋಖಾನ್ ತಿರ್ಯಾಕಿಯ ಕ್ಯಾಮೆರಾ ಅಲ್ಲಿಯವರೆಗೆ ಕಾರಿನ ಹೆಡ್‌ಲೈಟಿನ ಹಳದಿಯಲ್ಲಿ ಹುಲ್ಲನ್ನೂ ಮಣ್ಣನ್ನೂ ಮಾತ್ರ ತೋರಿಸಿದ್ದು ಈ ಗಳಿಗೆಗಾಗಿಯೇ.

ಬೆಳಕು ಹರಿದ ಮೇಲಿನ ಭಾಗ ಒಣ ಎಂದು ದೂರುವವರಿದ್ದಾರೆ. ಅವರೊಂದಿಗೆ ಜಗಳ ಆಡಲೇಬೇಕು. ಮರಣೋತ್ತರ ಪರೀಕ್ಷೆಯಲ್ಲಿ ಸತ್ತವನ ಶ್ವಾಸನಾಳದಲ್ಲಿ ಮಣ್ಣು ಸಿಗುತ್ತದೆ. ಅಂದರೆ ಹೂಳುವಾಗ ಆತ ಬದುಕಿದ್ದ. ವೈದ್ಯ ಅದನ್ನು ವರದಿಯಲ್ಲಿ ಬರೆಸುವುದಿಲ್ಲ. ಯಾಕೆ ಎಂದು ಸಿನಿಮಾ ಹೇಳುವುದಿಲ್ಲ. ಸತ್ತವನ ಹೆಂಡತಿ, ಮಗ ಹೊರಗೆ ಇದ್ದಾರೆ. ಅಳುತ್ತಿದ್ದ ಆರೋಪಿಯನ್ನೂ ವೈದ್ಯ ರಾತ್ರಿಯೆಲ್ಲ ನೋಡಿದ್ದಾನೆ. ಆ ರಾತ್ರಿಯನ್ನು ವೈದ್ಯನ ಜತೆ ಕಳೆಯದ ಪ್ರೇಕ್ಷಕನಿಗೆ ಇದು ಬರೀ ಸುಳ್ಳು ದಾಖಲೆ. ಕಳೆದವನಿಗೆ ಅದು ತನ್ನ ಎದುರೂ ಬಂದು ನಿಂತ ತೀರ್ಮಾನ.

ಉತ್ತರವೇ ಸಿಗದ ಪ್ರಕರಣಗಳದು ಇನ್ನೊಂದು ಕವಲು. ಬಾಂಗ್ ಜೂನ್-ಹೋ ಅವರ 'ಮೆಮೊರೀಸ್ ಆಫ್ ಮರ್ಡರ್' (2003), ಡೇವಿಡ್ ಫಿಂಚರ್ ಅವರ 'ಜೋಡಿಯಾಕ್' (2007) ಇದರ ಎರಡು ಶಿಖರಗಳು. ದಕ್ಷಿಣ ಕೊರಿಯಾದ ಹ್ವಾಸೊಂಗ್ ಪ್ರದೇಶದಲ್ಲಿ 1986ರಿಂದ 1991ರ ನಡುವೆ ನಡೆದ ಸರಣಿ ಕೊಲೆಗಳು ಮೊದಲನೆಯದರ ವಸ್ತು. 1960ರ ದಶಕದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ಕೊಂದು, ಪತ್ರಿಕೆಗಳಿಗೆ ಗೂಢಲಿಪಿಯ ಪತ್ರ ಬರೆದವನದು ಎರಡನೆಯದು. ಎರಡೂ ಚಿತ್ರ ತಯಾರಾದಾಗ ಎರಡೂ ಪ್ರಕರಣ ಬಗೆಹರಿದಿರಲಿಲ್ಲ. ಪ್ರೇಕ್ಷಕ ಒಳಗೆ ಹೋಗುವಾಗಲೇ ಅದು ಗೊತ್ತು.

ಕೊರಿಯಾದಲ್ಲಿ ಬಾಂಗ್ ಚಿತ್ರವನ್ನು 50 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ನಿಧಾನದ ಸಿನಿಮಾ ಜನರಿಗಲ್ಲ ಎನ್ನುವವರಿಗೆ ಇದು ಉತ್ತರ. ಅಲ್ಲಿ ನಗುವಿದೆ, ಹಳ್ಳಿ ಪೊಲೀಸರ ಹೊಡೆದಾಟವಿದೆ, ಭತ್ತದ ಗದ್ದೆಯ ಪಕ್ಕ ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾಯಿಸಿ ಸಾಕ್ಷ್ಯ ಹಾಳುಮಾಡುವ ಗೊಂದಲವಿದೆ. ಸಾಂಗ್ ಕಾಂಗ್-ಹೋ ನಟಿಸಿದ ಪತ್ತೇದಾರ, ಕಣ್ಣು ನೋಡಿದರೆ ಸಾಕು ತಪ್ಪಿತಸ್ಥ ಯಾರೆಂದು ಹೇಳಬಲ್ಲೆ ಎಂದು ನಂಬಿದವನು. ಅದು ಸರ್ವಾಧಿಕಾರದ ಕಾಲ. ಕೊಲೆ ನಡೆಯಬಹುದೆಂಬ ಸುಳಿವು ಸಿಕ್ಕ ಮಳೆಯ ರಾತ್ರಿ ಹೆಚ್ಚುವರಿ ಪಡೆ ಕೇಳಿದರೆ, ಎಲ್ಲರೂ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ. ಆ ರಾತ್ರಿ ಹೆಣ್ಣೊಬ್ಬಳು ಸಾಯುತ್ತಾಳೆ. ಕೊಲೆಗಾರ ಯಾರೆಂಬ ಪ್ರಶ್ನೆ ಅಲ್ಲಿಗೆ ಒಬ್ಬ ಮನುಷ್ಯನನ್ನು ಮೀರಿ ಬೆಳೆಯುತ್ತದೆ.

ರೈಲು ಸುರಂಗದ ಮುಂದೆ, ಸುರಿಯುವ ಮಳೆಯಲ್ಲಿ, ಡಿಎನ್‌ಎ ವರದಿ ಹೊಂದದೆ ಹೋದ ಶಂಕಿತನ ಗದ್ದ ಹಿಡಿದು ಆ ಪತ್ತೇದಾರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಏನೂ ಕಾಣುವುದಿಲ್ಲ. 'ಜೋಡಿಯಾಕ್'ನಲ್ಲೂ ಹೆಚ್ಚುಕಡಿಮೆ ಇದೇ ಗಳಿಗೆಯಿದೆ. ವ್ಯಂಗ್ಯಚಿತ್ರಕಾರ ರಾಬರ್ಟ್ ಗ್ರೇಸ್ಮಿತ್ ಈ ಪ್ರಕರಣದ ಹಿಂದೆ ಬಿದ್ದು ಸಂಸಾರ, ಕೆಲಸ ಎಲ್ಲ ಕಳೆದುಕೊಂಡಿದ್ದಾನೆ. ಕೊನೆಗೆ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋಗಿ ಅಲ್ಲಿ ಕೆಲಸಕ್ಕಿರುವ ಶಂಕಿತನನ್ನು ಸುಮ್ಮನೆ ನಿಂತು ನೋಡುತ್ತಾನೆ. ಆತ 'ಏನಾದರೂ ಬೇಕಿತ್ತೆ' ಎಂದು ಕೇಳುತ್ತಾನೆ. ವರ್ಷಗಳ ಕಡತ, ಕೈಬರಹ ಪರೀಕ್ಷೆ, ವಿಚಾರಣೆ ಎಲ್ಲ ಮುಗಿದ ಮೇಲೆ ಉಳಿದದ್ದು ಇಷ್ಟೇ: ಒಮ್ಮೆ ಆ ಮುಖ ನೋಡಬೇಕು. ಸಮುದ್ರದಾಚೆಯ ಇಬ್ಬರು ನಿರ್ದೇಶಕರು ನಾಲ್ಕು ವರ್ಷದ ಅಂತರದಲ್ಲಿ ಒಂದೇ ಕಡೆ ಬಂದು ನಿಂತದ್ದು ಕಾಕತಾಳೀಯ ಇರಲಾರದು. ದಾರಿ ಮುಗಿದಾಗ ಮನುಷ್ಯ ಮಾಡುವುದೇ ಅದು.

ಫಿಂಚರ್ ಚಿತ್ರ ಎರಡೂವರೆ ಗಂಟೆ ಮೀರುತ್ತದೆ. ತಯಾರಿಕೆಗೆ ತಗುಲಿದ ಹಣದ ಅರ್ಧದಷ್ಟು, ಸುಮಾರು 3.3 ಕೋಟಿ ಡಾಲರ್ ಮಾತ್ರ ಅಮೆರಿಕದಲ್ಲಿ ಬಂತು. 2016ರಲ್ಲಿ ಬಿಬಿಸಿ ವಿಮರ್ಶಕರಿಂದ ಈ ಶತಮಾನದ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿಸಿದಾಗ ಅದು 12ನೇ ಸ್ಥಾನದಲ್ಲಿತ್ತು. ಕಾಲ ಕಳೆದಂತೆ ಅದರ ಬೆಲೆ ಏರಿದ್ದಕ್ಕೆ ಅದರ ರಚನೆಯೇ ಕಾರಣ. ಮೊದಲ ನೋಟದಲ್ಲಿ ಕೊಲೆಗಾರನನ್ನು ಹುಡುಕುವ ಪ್ರೇಕ್ಷಕ, ಎರಡನೆಯ ಸಲ ಹುಡುಕುವವರನ್ನು ನೋಡತೊಡಗುತ್ತಾನೆ.

ಹ್ವಾಸೊಂಗ್ ಪ್ರಕರಣಕ್ಕೆ ಸಿನಿಮಾ ಬಂದು 16 ವರ್ಷಗಳ ನಂತರ, 2019ರಲ್ಲಿ ಉತ್ತರ ಸಿಕ್ಕಿತು. ಲೀ ಚುನ್-ಜೇ ಎಂಬಾತ, ಬೇರೊಂದು ಕೊಲೆಗಾಗಿ ಆಗಲೇ ಜೀವಾವಧಿ ಶಿಕ್ಷೆಯಲ್ಲಿದ್ದವನು. ಆ ಸರಣಿಯ ಒಂದು ಕೊಲೆಗಾಗಿ ಅದಕ್ಕೂ ಮೊದಲು ನಿರಪರಾಧಿಯೊಬ್ಬ ಸುಮಾರು 20 ವರ್ಷ ಜೈಲಿನಲ್ಲಿ ಕೊಳೆತಿದ್ದ. 2020ರಲ್ಲಿ ನ್ಯಾಯಾಲಯ ಆತನನ್ನು ದೋಷಮುಕ್ತಗೊಳಿಸಿತು. ಬಾಂಗ್ ತಮ್ಮ ಚಿತ್ರದ ಕೊನೆಯ ಷಾಟ್‌ನಲ್ಲಿ ಪತ್ತೇದಾರ ಕ್ಯಾಮೆರಾವನ್ನೇ ದಿಟ್ಟಿಸುವಂತೆ ಮಾಡಿದ್ದರು, ಕೊಲೆಗಾರ ಥಿಯೇಟರಿಗೆ ಬಂದಿದ್ದರೆ ಕಣ್ಣಿಗೆ ಕಣ್ಣು ಸಂಧಿಸಲಿ ಎಂದು. ಲೀ ಜೈಲಿನಲ್ಲೇ ಆ ಸಿನಿಮಾ ನೋಡಿದ್ದನಂತೆ. ವಿಶೇಷವೇನೂ ಅನ್ನಿಸಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿದ. ಇದನ್ನು ತಿಳಿದ ಮೇಲೆ ಸುರಂಗದ ದೃಶ್ಯ ಮತ್ತಷ್ಟು ಕಠಿಣವಾಗುತ್ತದೆ. ಪೊಲೀಸರ ಆ ಬಡಿತ, ಬಲವಂತದ ತಪ್ಪೊಪ್ಪಿಗೆ ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದನ್ನು ಚಿತ್ರ ಮೊದಲೇ ಗ್ರಹಿಸಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಈ ಪರಂಪರೆಯ ಹುಸಿಯನ್ನೂ ಹೇಳಬೇಕು. ನಿಧಾನವನ್ನು ನಕಲು ಮಾಡುವುದು ಸುಲಭ. ಮಂಜು ಕವಿದ ಬೆಟ್ಟದ ಡ್ರೋನ್ ಷಾಟ್, ಚೆಲ್ಲೋ ವಾದ್ಯದ ಒಂದೇ ಎಳೆ ಸ್ವರ, ಕಿಟಕಿಯಾಚೆ ನೋಡುವ ಮುಖ. ಒಟಿಟಿಯಲ್ಲಿ ಇದೊಂದು ಸಿದ್ಧ ಸಾಮಗ್ರಿಯಾಗಿದೆ. ಡೆನ್ಮಾರ್ಕಿನ ದೂರದರ್ಶನ 2007ರಲ್ಲಿ ಒಂದೇ ಕೊಲೆಯ ತನಿಖೆಯನ್ನು 20 ಕಂತುಗಳಲ್ಲಿ ಹೇಳಿದಾಗ, ಮಗಳನ್ನು ಕಳೆದುಕೊಂಡ ಮನೆಯ ದುಃಖಕ್ಕೆ ಅಷ್ಟು ಜಾಗ ಬೇಕಿತ್ತು. ಅದರ ಹಿಂದೆ ಬಂದ ಎಷ್ಟೋ ಸರಣಿಗಳಿಗೆ ಜಾಗವಿದೆ, ದುಃಖವಿಲ್ಲ. ರೆಫ್ನ್ ಕೂಡ ಇದೇ ಹಳ್ಳಕ್ಕೆ ಬಿದ್ದರು. ಬ್ಯಾಂಕಾಕ್‌ನಲ್ಲಿ ನಡೆಯುವ 'ಓನ್ಲಿ ಗಾಡ್ ಫರ್ಗಿವ್ಸ್' (2013) ಕೆಂಪು ನೀಲಿ ಬೆಳಕಿನಲ್ಲಿ ಮನುಷ್ಯರನ್ನು ಗೊಂಬೆಗಳಂತೆ ನಿಲ್ಲಿಸುತ್ತದೆ. ಅಲ್ಲಿನ ಮೌನದಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿಲ್ಲ, ಯಾರೂ ಏನನ್ನೂ ನಿರ್ಧರಿಸುತ್ತಿಲ್ಲ. ಕಾನ್‌ನಲ್ಲಿ ಕೂಗಿ ಪ್ರತಿಭಟಿಸಿದವರ ಜತೆ ನಿಲ್ಲುವುದೇ ನ್ಯಾಯ.

ಎರಡನೆಯ ತಕರಾರು ಇನ್ನೂ ಗಂಭೀರ. ಇದು ಗಂಡಸರ ಪರಂಪರೆ. ಮೆಲ್ವಿಲ್‌ನಲ್ಲಿ ಹೆಣ್ಣು ಸಾಕ್ಷಿ ಹೇಳಲು ಬರುತ್ತಾಳೆ, ಹೋಗುತ್ತಾಳೆ. ಜೆಯ್ಲಾನ್ ಚಿತ್ರದಲ್ಲಿ ದೀಪ ಹಿಡಿದ ಹುಡುಗಿಗೆ ಮಾತಿಲ್ಲ, ಅವಳು ಗಂಡಸರ ಆತ್ಮಪರೀಕ್ಷೆಗೆ ಬೆಳಕು ಹಿಡಿದು ಮರೆಯಾಗುತ್ತಾಳೆ. ಬಾಂಗ್ ಚಿತ್ರದಲ್ಲಿ ರೇಡಿಯೊದಲ್ಲಿ ಬರುವ ಹಾಡಿಗೂ ಕೊಲೆಗೂ ಇರುವ ನಂಟನ್ನು ಪತ್ತೆ ಮಾಡುವುದು ಮಹಿಳಾ ಪೊಲೀಸ್. ಠಾಣೆಯಲ್ಲಿ ಅವಳಿಗೆ ಸಿಗುವ ಗೌರವ ಅಷ್ಟಕ್ಕಷ್ಟೆ. ನಿರ್ದೇಶಕರಿಗೆ ಇದು ಗೊತ್ತಿದೆ, ಆದರೂ ಕತೆ ಗಂಡಸರ ಕಡೆಗೇ ವಾಲುತ್ತದೆ. ಒಂಟಿ ಗಂಡಸಿನ ಮೌನಕ್ಕೆ ಸಿಕ್ಕಷ್ಟು ತಾಳ್ಮೆ ಸತ್ತವಳ ಬದುಕಿಗೆ ಸಿಕ್ಕಿದ್ದು ಕಡಿಮೆ.

ಹಾಗಾಗಿಯೇ ಬೆಲ್ಜಿಯಂನ ಶಾಂತಾಲ್ ಆಕರ್ಮನ್ 1975ರಲ್ಲಿ ಮಾಡಿದ 'ಜ್ಯಾನ್ ದಿಯೆಲ್ಮನ್' ಚಿತ್ರವನ್ನು ಈ ಸಾಲಿನಲ್ಲಿಟ್ಟು ನೋಡುವುದು ಅಗತ್ಯ. ಸಾಮಾನ್ಯವಾಗಿ ಯಾರೂ ಅದನ್ನು ಅಪರಾಧ ಚಿತ್ರ ಎನ್ನುವುದಿಲ್ಲ. 201 ನಿಮಿಷ. ಒಬ್ಬ ವಿಧವೆ ಮೂರು ದಿನ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನಿಗೆ ಬಡಿಸುತ್ತಾಳೆ, ಮಧ್ಯಾಹ್ನ ಮನೆಗೆ ಬರುವ ಗಂಡಸರಿಂದ ದುಡ್ಡು ಪಡೆಯುತ್ತಾಳೆ. ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ. ಮೂರನೆಯ ದಿನ ಕಾಫಿ ಸರಿಹೋಗುವುದಿಲ್ಲ. ಅಂದು ಮಧ್ಯಾಹ್ನ ಕತ್ತರಿಯಿಂದ ಒಬ್ಬನನ್ನು ಕೊಲ್ಲುತ್ತಾಳೆ. ಕೀಲಿಗೊಂಚಲು ಹಿಡಿದ ಜೆಫ್‌ನ ಕೈಯನ್ನು ಉಸಿರು ಬಿಗಿಹಿಡಿದು ನೋಡುವ ಪ್ರೇಕ್ಷಕ, ಆಲೂಗಡ್ಡೆ ಸುಲಿಯುವ ಕೈಯನ್ನು ಅದೇ ಕುತೂಹಲದಿಂದ ನೋಡಲು ಯಾಕೆ ಒಪ್ಪುವುದಿಲ್ಲ ಎಂಬುದು ಆಕರ್ಮನ್ ಮುಂದಿಡುವ ಸವಾಲು. 2022ರ 'ಸೈಟ್ ಆ್ಯಂಡ್ ಸೌಂಡ್' ಸಮೀಕ್ಷೆಯಲ್ಲಿ ವಿಮರ್ಶಕರು ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿದಾಗ ಎದ್ದ ಗದ್ದಲ ನೋಡಿದರೆ, ಸವಾಲು ಇನ್ನೂ ಹಳತಾಗಿಲ್ಲ.

ಕನ್ನಡಕ್ಕೆ ಈ ದಾರಿ ಹೊಸದೇನಲ್ಲ. ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' (1985) ಹಾಡುಗಳಿಲ್ಲದ ಸಿನಿಮಾ. ರಸ್ತೆ ಬದಿ ಮಲಗಿದ್ದವರ ಮೇಲೆ ಕಾರು ಹಾಯಿಸಿದವನು ಯಾರೆಂದು ನೋಡುಗನಿಗೆ ಮೊದಲೇ ಗೊತ್ತು. ಅಧಿಕಾರ ಅದನ್ನು ಹೇಗೆ ಮುಚ್ಚುತ್ತದೆ ಎಂಬುದೇ ಕತೆ. ಅದು ನಿಧಾನದ ಚಿತ್ರವಲ್ಲ, ಆದರೆ 'ಯಾರು' ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವ ಧೈರ್ಯ ಅಲ್ಲಿತ್ತು. ಆ ಚಿತ್ರದಲ್ಲಿ ರಾಜಕಾರಣಿಯಾಗಿದ್ದ ಅನಂತ್‌ನಾಗ್ ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ (2019) ನಿವೃತ್ತ ಪೊಲೀಸ್ ಮುತ್ತಣ್ಣನಾಗಿ, ದಶಕಗಳ ಹಿಂದೆ ಕೈತಪ್ಪಿದ ಪ್ರಕರಣವೊಂದನ್ನು ಹೊತ್ತು ಕೂತಿದ್ದಾರೆ. ಅವರ ಕೂರುವ ಭಂಗಿಯಲ್ಲೇ ಆ ದಶಕಗಳಿವೆ. ಸಿನಿಮಾ ಅವರನ್ನು ಇನ್ನಷ್ಟು ಹೊತ್ತು ಸುಮ್ಮನೆ ಕೂರಲು ಬಿಡಬೇಕಿತ್ತು. ಎರಡನೆಯರ್ಧದಲ್ಲಿ ಗಂಟು ಬಿಡಿಸುವ ಅವಸರ ಹತ್ತಿ, ಒಂದರ ಮೇಲೊಂದು ವಿವರಣೆ ಬೀಳುತ್ತದೆ.

ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' (2021) ಅಂಥ ಅವಸರ ಮಾಡುವುದಿಲ್ಲ. ಮಂಗಳೂರಿನ ಮಂಗಳಾದೇವಿಯ ಬೀದಿ, ಮಳೆ, ಹುಡುಗರ ಕ್ರಿಕೆಟ್ಟು, ಸ್ಕೂಟರಿನಲ್ಲಿ ಹೋಗುವ ಶಿವ. ಪ್ರವೀಣ್ ಶ್ರೀಯಾನ್ ಕ್ಯಾಮೆರಾ ದೂರ ನಿಂತು ಹಿಂಸೆಯನ್ನು ಊರಿನ ದಿನಚರಿಯ ಒಳಗೇ ಇಡುತ್ತದೆ. ಶಿವ ಹುಲಿವೇಷದ ಹೆಜ್ಜೆ ಹಾಕುವ ದೃಶ್ಯಕ್ಕೆ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ಚಿತ್ರದ ಬಲ, ಅಪಾಯ ಎರಡೂ ಅಲ್ಲಿವೆ. ಕೊಲೆಗಾರನನ್ನು ದೇವರ ಹೆಸರಿನಲ್ಲಿ ಕರೆದು ಅಷ್ಟು ಚೆಂದಗೆ ಕುಣಿಸಿದ ಮೇಲೆ ಅವನ ಕೈಯಲ್ಲಿ ಸತ್ತವರು ನೆನಪಿನಲ್ಲಿ ಉಳಿಯುವುದು ಕಷ್ಟ. ಬಾಂಗ್ ಅಥವಾ ಜೆಯ್ಲಾನ್ ಸತ್ತವರ ಕಡೆ ಒಮ್ಮೆಯಾದರೂ ಕ್ಯಾಮೆರಾ ತಿರುಗಿಸುತ್ತಾರೆ.

ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಇವೆಲ್ಲಕ್ಕಿಂತ ಹೆಚ್ಚು ಪ್ರೇಕ್ಷಕರನ್ನು ಒಡೆದ ಕನ್ನಡ ಚಿತ್ರ. ಮಲ್ಪೆಯಲ್ಲಿ, ಕೃಷ್ಣಾಷ್ಟಮಿಯ ಆಸುಪಾಸಿನಲ್ಲಿ ನಡೆದ ಘಟನೆಯನ್ನು ಪತ್ರಕರ್ತೆಯೊಬ್ಬಳು ಹಲವರ ಬಾಯಿಂದ ಕೇಳುತ್ತಾ ಹೋಗುತ್ತಾಳೆ. ಬಿಡುಗಡೆಯಾದಾಗ ಇದು ದೊಡ್ಡ ಗೆಲುವು ಕಾಣಲಿಲ್ಲ, ತಲೆಬುಡ ತಿಳಿಯಲಿಲ್ಲ ಎಂದವರು ಬಹಳ ಮಂದಿ. ಆಮೇಲೆ ಟೀವಿಯಲ್ಲಿ, ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದ ಒಂದು ತಲೆಮಾರು ಅದನ್ನು ಎತ್ತಿಹಿಡಿಯಿತು. ಹೆಚ್ಚಿನವರು ಮೆಚ್ಚಿದ್ದು ರೌಡಿ ರಿಚಿಯ ಗತ್ತನ್ನು, ಕನ್ನಡಕವನ್ನು, ನಡಿಗೆಯನ್ನು. ನಿರ್ದೇಶಕರೇ ಆ ಪಾತ್ರವನ್ನು ಮಾಡಿದ್ದರಿಂದ ಚಿತ್ರವೂ ಅತ್ತಲೇ ವಾಲಿತು.

ಆದರೆ ಆ ಸಿನಿಮಾದ ನಿಧಾನ ನಿಜವಾಗಿ ಕೆಲಸ ಮಾಡುವುದು ತಾರಾ ನಟಿಸಿದ ರತ್ನಕ್ಕನ ಮನೆಯಲ್ಲಿ. ವರ್ಷಗಳ ಹಿಂದೆ ಊರು ಬಿಟ್ಟ ಮಗ ರಾಘು ಬಾಗಿಲಿಗೆ ಬಂದು ನಿಂತಾಗ, ಕಾದು ಕಾದು ಸೋತವಳ ಸಂತೋಷ ಹೇಗಿರುತ್ತದೆ ಎಂಬುದನ್ನು ತಾರಾ ಅವಸರವಿಲ್ಲದೆ ತೋರಿಸುತ್ತಾರೆ. ಊರಿನ ಗಂಡಸರು ಪಿಸ್ತೂಲು ಹಿಡಿದು ಓಡಾಡಿದ ಆ ಕತೆಯ ನಿಜವಾದ ಲುಕ್ಸಾನು ಯಾರದ್ದೆಂದು ತಿಳಿಯುವುದು ಅಲ್ಲಿಯೇ. ಅವಳ ಕಣ್ಣಿನಿಂದ ಪೂರ್ತಿ ಹೇಳಿದ ಅಪರಾಧದ ಕತೆ ಕನ್ನಡದಲ್ಲಿ ಇನ್ನೂ ಬರಬೇಕಿದೆ. ಮಲ್ಪೆಯ ಬೆಳಕನ್ನೂ ಮಂಗಳಾದೇವಿಯ ಮಳೆಯನ್ನೂ ಹಿಡಿಯಬಲ್ಲ ಛಾಯಾಗ್ರಾಹಕರು ನಮ್ಮಲ್ಲಿದ್ದಾರೆ, ಹತ್ತು ನಿಮಿಷ ಮಾತಿಲ್ಲದೆ ಪರದೆಯನ್ನು ತುಂಬಬಲ್ಲ ನಟಿಯರೂ ಇದ್ದಾರೆ. ನಿರ್ಮಾಪಕರು ಅದನ್ನು ಆ್ಯಕ್ಷನ್ ಚಿತ್ರವೆಂದು ಮಾರದೆ, ಅದು ಏನೋ ಅದಾಗಿಯೇ ಥಿಯೇಟರಿಗೆ ತರುವ ಮನಸ್ಸು ಮಾಡಬೇಕು.